ಪೈಲ್ವಾನನ ಪಾಲಿನ ಮೂಳೆ

ತೆರೆಕ್-ಸೂ ಊರಿನಲ್ಲಿ ಮಾಂಸ ಬೇಯಿಸುವವರು ಬೇಕಾದಷ್ಟು ಜನ ಇದ್ದಾರೆ. ಹಂಚುವವಳು ಒಬ್ಬಳೇ, ಸಲ್ಕಿನಾಯ್. ಬೇರೆ ಊರುಗಳಲ್ಲಿ ಅದು ಗಂಡಸರ ಕೆಲಸ, ಇಲ್ಲೂ ಹಾಗೇ ಇತ್ತು. ಊರಿನ ಮದುವೆಗೂ ಸಾವಿಗೂ ಅವಳ ಮಾವ ಮೂಳೆ ಹಂಚುತ್ತಿದ್ದ. ಮುಪ್ಪಿನಲ್ಲಿ ಅವನ ಕಣ್ಣು ಮಂಜಾಯಿತು. ಯಾರು ಎಲ್ಲಿ ಕೂತಿದ್ದಾರೆಂದು ಸೊಸೆ ಬೆನ್ನ ಹಿಂದೆ ನಿಂತು ಪಿಸುಗುಟ್ಟುತ್ತಿದ್ದಳು. ಒಂದು ದಿನ ತುಂಬಿದ ಸಭೆಯಲ್ಲಿ ಮುದುಕ, "ಕಣ್ಣು ಇವಳದು, ಹೆಸರು ಮಾತ್ರ ನನ್ನದು. ಥೂ, ಇದೆಂಥ ನಾಚಿಕೆಗೇಡು! ತಗೋಳೇ ನೀನೇ" ಎಂದು ಚಾಕುವನ್ನು ಅವಳ ಕೈಗಿಟ್ಟುಬಿಟ್ಟ.

ಸೊಂಟದ ಮೂಳೆ ಊರಿಗೆ ನೆರಳಾದವರಿಗೆ. ಬಾಲದ ಮೂಳೆ ಹಿರಿಯ ಹೆಂಗಸರಿಗೆ. ಎದೆಯ ತುಂಡು ಸೊಸೆಯಂದಿರಿಗೆ. ಮುಂಗಾಲಿನ ಸಣ್ಣ ಮೂಳೆ, ಬದುಕಿನಲ್ಲಿ ಇನ್ನೂ ಏನನ್ನೂ ಮಾಡಿರದ ಹುಡುಗರಿಗೆ. ನಮ್ಮ ಜನ ಮದುವೆಯೂಟದ ರುಚಿ ಮರೆತಾರು, ತಟ್ಟೆಗೆ ಬಂದ ಮೂಳೆಯನ್ನು ಸಾಯುವ ತನಕ ಮರೆಯುವವರಲ್ಲ. ಅಂಥ ಊರಲ್ಲಿ ಸಲ್ಕಿನಾಯ್ ಇಷ್ಟು ವರ್ಷ ಎಲ್ಲರಿಂದಲೂ ಸೈ ಅನ್ನಿಸಿಕೊಂಡಿದ್ದಾಳೆ. ಅವಳ ಹೆಸರಿನ ಅರ್ಥದಲ್ಲಿ ತಂಗಾಳಿ ಇದೆ. ಹೆಸರಿಟ್ಟವರಿಗೆ ಅವಳ ಬಾಯಿಯ ಪರಿಚಯವಿರಲಿಲ್ಲ, ಅಷ್ಟೆ.

ಕುತ್ಮನ್ ಅವಳ ಪಕ್ಕದ ಮನೆಯಲ್ಲಿ ಬೆಳೆದವನು. ತಾಯಿಯಿಲ್ಲದ ಹುಡುಗ, ಚಿಕ್ಕಪ್ಪನ ಆಸರೆ. ಹೊತ್ತಿಲ್ಲ ಗೊತ್ತಿಲ್ಲ, ಬೇಲಿ ಹಾರಿ ಬಂದು ಸಲ್ಕಿನಾಯಳ ಒಲೆಯ ಮುಂದೆ ಬಾಯಿ ತೆರೆದು ಕೂರುತ್ತಿದ್ದ. ಅವಳ ಕೈತುತ್ತು ತಿಂದ ಆ ಹುಡುಗನೇ ಮುಂದೆ ಜಗತ್ತಿನ ಪೈಲ್ವಾನರನ್ನೆಲ್ಲ ಚಿತ್ ಮಾಡಿದ. ಬಸ್ಸಿನ ಮೈಮೇಲೆ ಅವನ ಮುಖ, ಹಾಲಿನ ಪ್ಯಾಕೆಟ್ಟಿನ ಮೇಲೆ ಅವನ ಮುಖ. ಹೀಗಿರುವಾಗ ಅವನ ಹೆಸರಿನಲ್ಲೊಂದು ನಿಧಿ ಶುರುವಾಯಿತು. ಊರೂರಿಗೆ ಉಪಕಾರ ಮಾಡುವ ನಿಧಿ. ತೆರೆಕ್-ಸೂಗೆ ಅದು ಕೊಟ್ಟ ಮಾತು, ಒಂದು ಹೆರಿಗೆ ಮನೆ.

ಅದರ ಬೆಲೆ ಸಲ್ಕಿನಾಯ್‌ಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆ ಇರುವುದು ಘಟ್ಟದಾಚೆ. ಅವಳ ಸೊಸೆ ಮೀರಿಮ್ ಚೊಚ್ಚಲ ಮಗುವನ್ನು ಕಳೆದುಕೊಂಡದ್ದು ಘಟ್ಟದ ತಿರುವಿನಲ್ಲಿ, ಹಿಮದಲ್ಲಿ ಹೂತು ನಿಂತ ಕಾರಿನೊಳಗೆ. ಆ ಮಗುವನ್ನು ತನ್ನ ಶಾಲಿನಲ್ಲಿ ಸುತ್ತಿ ಮನೆಗೆ ತಂದವಳು ಸಲ್ಕಿನಾಯಳೇ. ಆದ್ದರಿಂದ ನಿಧಿಯವರು, ಊರಿನವರೂ ಕೈಲಾದ್ದು ಕೊಡಲಿ ಎಂದಾಗ, ಮನೆಮನೆ ಬಾಗಿಲು ಬಡಿದವಳು ಅವಳು. "ಮನೆಗೊಂದು ಕುರಿ ಕೊಡ್ರಪ್ಪಾ. ನನ್ನ ಕೈತುತ್ತು ತಿಂದ ಹುಡುಗ, ನಂಗೊತ್ತಿಲ್ವಾ ಅವನು? ಅವನಿಗೆ ನಾನು ಹೊಣೆ" ಎಂದಳು. ಜನ ಪೈಲ್ವಾನನ ಮುಖ ನೋಡಿ ಕೊಡಲಿಲ್ಲ. ಸಲ್ಕಿನಾಯಳ ಮುಖ ನೋಡಿ ಕುರಿ ಕೊಟ್ಟರು.

ವಸಂತದಲ್ಲಿ ಗೋಡೆ ಎದ್ದಿತು. ಕಿಟಕಿಯ ಮಟ್ಟಕ್ಕೆ ಬಂದು ನಿಂತಿತು. ಆಮೇಲೆ ಇಟ್ಟಿಗೆಯೂ ಬರಲಿಲ್ಲ, ಮೇಸ್ತ್ರಿಯೂ ಬರಲಿಲ್ಲ. ಬೇಸಗೆ ಕಳೆಯುವಷ್ಟರಲ್ಲಿ ಒಳಗೆಲ್ಲ ತುರಿಕೆ ಸೊಪ್ಪು ಬೆಳೆಯಿತು. ಮೀರಿಮ್ ಮತ್ತೆ ಬಸುರಿ, ಹಿಮ ಬೀಳುವ ಹೊತ್ತಿಗೆ ದಿನ ತುಂಬುತ್ತದೆ. ಅವಳು ಏನೂ ಕೇಳುತ್ತಿರಲಿಲ್ಲ. ನೀರಿಗೆ ಹೋಗುವಾಗ ಮಾತ್ರ ಆ ಅರ್ಧ ಗೋಡೆಯ ದಾರಿ ಬಿಟ್ಟು ಬಳಸಿ ಹೋಗುತ್ತಿದ್ದಳು. 

ಊರು ಸುಮ್ಮನಿರುತ್ತದೆಯೇ? ನೆರೆಮನೆಯ ಜಿಪಾರ್ ಮುದುಕಿ ನೀರಿನ ಹತ್ತಿರ ಎಲ್ಲರ ಮುಂದೆ ಕೇಳಿದಳು, "ಏನೇ ಸಲ್ಕಿನಾಯ್, ನಿನ್ನ ಕೈತುತ್ತು ತಿಂದು ಹೊಟ್ಟೆ ತುಂಬಲಿಲ್ಲ ಅಂತ ನಮ್ಮ ಕುರಿಗಳನ್ನೂ ತಿಂದನೇನೇ?"

"ಅವನು ಕದಿಯೋ ಹುಡುಗ ಅಲ್ಲ."

"ಹಾಗಾದ್ರೆ ಕುರಿ ತಾವೇ ಘಟ್ಟ ಹತ್ತಿ ಹೋದ್ವಾ?"

ಸಲ್ಕಿನಾಯ್ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದಳು. ನಿಧಿಯ ಮೇಲ್ವಿಚಾರಕ ಕುತ್ಮನನ ಹೆಂಡತಿಯ ತಮ್ಮ, ಅಸ್ಕಾತ್. ಕುತ್ಮನನಿಗೆ ಫೋನ್ ಮಾಡಿಸಿದರೂ ಅವನೇ ಎತ್ತಿ "ಆಗುತ್ತೆ ಅಪಾ, ಆಗುತ್ತೆ" ಎನ್ನುತ್ತಿದ್ದ. ಅಪಾ ಎಂದರೆ ನಮ್ಮಲ್ಲಿ ಅಕ್ಕ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ ನೋಡಿ.

ಶರತ್ಕಾಲದ ಆರಂಭದಲ್ಲಿ ಕುತ್ಮನನ ಚಿಕ್ಕಪ್ಪ ತೀರಿಕೊಂಡ ವರ್ಷದೂಟ ಬಂತು. ಪೈಲ್ವಾನ ಬರುತ್ತಾನೆ, ಪಟ್ಟಣದಿಂದ ಕ್ಯಾಮೆರಾದವರೂ ಬರುತ್ತಾರೆ. ಊರ ಮುಖ್ಯಸ್ಥ ತಾಬಲ್ದಿ ಹಿಂದಿನ ದಿನವೇ ಕಡಾಯಿಯ ಹತ್ತಿರ ಬಂದು ನಿಂತ.

"ಅಪಾ, ಸೊಂಟದ ಮೂಳೆ ಕುತ್ಮನ್‌ಗೇ ತಾನೇ?"

"ಮೂಳೆ ಹಂಚೋದು ನೀನಾ, ನಾನಾ?"

"ಅದಲ್ಲ ಅಪಾ. ಅವನ ಮನಸ್ಸು ನೋಯಿಸಿದ್ರೆ ಇರೋ ಅರ್ಧ ಗೋಡೆನೂ ಹಾಗೇ ಬೀಳುತ್ತೆ. ನಿಮ್ಮ ಸೊಸೆನಾದ್ರೂ ನೆನಪಿಸ್ಕೊಳ್ಳಿ."

ಅವಳು ನೆನಪಿಸಿಕೊಳ್ಳದೆ ಇದ್ದ ಗಳಿಗೆ ಯಾವುದು? ಆ ಮೂಳೆ ಕೊಟ್ಟರೆ ಎಲ್ಲ ಸರಿಯಿದೆ ಎಂದು ಊರಿನೆದುರು ಅವಳೇ ಮುದ್ರೆ ಒತ್ತಿದಂತೆ, ಪೈಲ್ವಾನ ನಗುತ್ತ ತಿಂದು ಹೋಗುತ್ತಾನೆ. ಕೊಡದಿದ್ದರೆ ಸಿಟ್ಟಾಗಿ ಹೋಗುತ್ತಾನೆ. ಎರಡರಲ್ಲೂ ಹಿಮ ಮಾತ್ರ ಬಂದೇ ಬರುತ್ತದೆ. ರಾತ್ರಿ ಗಂಡ ಶೈಲೋನನ್ನು ಕೇಳಿದಳು. ಅವನು ಕುದುರೆ ಸಾಕಿ ಮುದುಕನಾದವನು. "ಕುದುರೆ ದಾರಿ ತಪ್ಪಿದ್ರೆ ಬೆಲ್ಲ ಕೊಡ್ತೀಯಾ, ಕಡಿವಾಣ ಎಳೀತೀಯಾ?" ಎಂದು ಮಗ್ಗುಲಾದ.

ಮರುದಿನ ಗುಡಾರದಲ್ಲಿ ಹಿರಿಯರೆಲ್ಲ ಸಾಲಾಗಿ ಕೂತರು. ಗೌರವದ ಜಾಗದಲ್ಲಿ ಕುತ್ಮನ್, ಬಾಗಿಲಿನಷ್ಟು ಅಗಲದ ಹೆಗಲು, ಬಿಳಿ ಉಣ್ಣೆಯ ಟೋಪಿ, ಕ್ಯಾಮೆರಾಗಳಿಗೆ ಅಭ್ಯಾಸವಾದ ನಗು. ಪಕ್ಕದಲ್ಲಿ ಅಸ್ಕಾತ್. ಸಲ್ಕಿನಾಯ್ ತಟ್ಟೆ ಹಿಡಿದು ಬಂದಳು. ಸೊಂಟದ ಮೂಳೆಯನ್ನು ಹಲ್ಲಿಲ್ಲದ ಹಳೆಯ ಮೇಷ್ಟರ ಮುಂದಿಟ್ಟಳು. ಪೈಲ್ವಾನನ ತಟ್ಟೆಯಲ್ಲಿ ಮುಂಗಾಲಿನ ಸಣ್ಣ ಮೂಳೆ ಇಟ್ಟಳು.

 ತಾಬಲ್ದಿ ಧಡಕ್ಕನೆ ಎದ್ದ. "ಅಯ್ಯಯ್ಯೋ, ವಯಸ್ಸಾಯ್ತು ನೋಡಿ, ಒಲೆ ಹೊಗೆಗೆ ಕಣ್ಣು ಕಾಣಲಿಲ್ಲ. ಅಪಾ, ತಟ್ಟೆ ಬದಲಾಯ್ಸಿ!"

"ಕಣ್ಣು ಚೆನ್ನಾಗೇ ಇದೆ. ಕೂತ್ಕೋ ನೀನು."

ಕುತ್ಮನನ ಮುಖ ಕಿವಿಯ ತನಕ ಕೆಂಪಾಯಿತು. ಎದ್ದು ಹೋಗುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಅವನು ಆ ಮೂಳೆ ಎತ್ತಿಕೊಂಡ. ಚಿಕ್ಕವನಿದ್ದಾಗ ತಿನ್ನುತ್ತಿದ್ದ ಹಾಗೆಯೇ, ಚೂರೂ ಮಾಂಸ ಬಿಡದೆ ತಿಂದು, ಮೂಳೆಯನ್ನು ತಟ್ಟೆಗಿಟ್ಟು ತಲೆಯೆತ್ತಿದ.

"ಅಪಾ, ನಾನೇನು ತಪ್ಪು ಮಾಡಿದೆ?"

"ತಪ್ಪು ಮಾಡಿದೆ ಅಂತ ಯಾರಂದ್ರು? ಏನೂ ಮಾಡಿಲ್ಲ. ಏನೂ ಮಾಡದ ಹುಡುಗರಿಗೆ ಕೊಡೋ ಮೂಳೆನೇ ಅದು."

"ಹೆರಿಗೆ ಮನೆ? ಚಾವಣಿ ಹಾಕಿದ ಫೋಟೋ ನಾನೇ ನೋಡಿದೀನಲ್ಲ!"

"ಅದು ಯಾವೂರಿನ ಚಾವಣಿಯೋ, ನನ್ನಪ್ಪಾ. ನಮ್ಮೂರಿಂದು ಬೇಕಾದ್ರೆ ನಡಿ ತೋರಿಸ್ತೀನಿ. ಉಂಡ ಮೇಲೆ ನಾಲ್ಕು ಹೆಜ್ಜೆ ನಡೆದ್ರೆ ಒಳ್ಳೇದೇ."

ಊರಿಗೆ ಊರೇ ಹಿಂದೆ ನಡೆಯಿತು. ಅರ್ಧ ಗೋಡೆಯೊಳಗೆ ಜಿಪಾರಳ ಕರು ಕಟ್ಟಿತ್ತು. ಕುತ್ಮನ್ ಅದನ್ನೇ ನೋಡುತ್ತ ನಿಂತಾಗ ಮುದುಕಿ, "ಹೆರಿಗೆ ಮನೆ ಅಲ್ವೇನಪ್ಪಾ? ನನ್ನ ಹಸು ಇಲ್ಲೇ ಹೆತ್ತಿತು, ದೇವರ ದಯದಿಂದ ತಾಯಿ ಮಗು ಇಬ್ಬರೂ ಸೌಖ್ಯ" ಎಂದಳು. ಒಬ್ಬರೂ ನಗಲಿಲ್ಲ.

ಅಸ್ಕಾತ್ ತಡವರಿಸಿದ. "ಭಾವ, ಪಟ್ಟಣದ ವ್ಯಾಯಾಮಶಾಲೆಗೆ ಮೊದಲು ಬೇಕಾಯ್ತು. ಅಲ್ಲಾದ್ರೆ ನಾಲ್ಕು ಜನ ನೋಡ್ತಾರೆ, ನಿಮ್ಮ ಹೆಸರೂ... ಇಲ್ಲಿ ಯಾರು ಬರ್ತಾರೆ ಅಂತ..."

ಕುತ್ಮನ್ ಅವನ ಮೇಲೆ ಕೈಯೆತ್ತಲಿಲ್ಲ. ಎತ್ತಿದ್ದರೆ ಅಸ್ಕಾತ್ ಇರುತ್ತಿರಲಿಲ್ಲ. ಗೋಡೆಯ ತುದಿಯ ಇಟ್ಟಿಗೆಯನ್ನು ಅಲುಗಾಡಿಸಿ ನೋಡಿ, "ಹೆಸರು ಕೊಟ್ಟೆ. ಕಣ್ಣು ಕೊಡಲಿಲ್ಲ" ಎಂದ. ಸಲ್ಕಿನಾಯ್‌ಗೆ ಮಾವನ ಮಾತು ನೆನಪಾಯಿತು. ಆದರೂ ಅವಳ ಸಿಟ್ಟು ಇಳಿದದ್ದು ಅರ್ಧಕ್ಕೆ ಮಾತ್ರ. ಒಳ್ಳೆಯ ಮಾತಿನಿಂದ ಚಾವಣಿ ಆಗುತ್ತದೆಯೇ?

ಕುತ್ಮನ್ ಜನರ ಕಡೆ ತಿರುಗಿದ. "ನಾಳೆಯಿಂದ ಅಶಾರ್ ಮಾಡೋಣ. ಸಾಮಾನು ನಾನು ತರ್ತೀನಿ, ನೀವು ಕೈ ಜೋಡಿಸಿ."

ಅಶಾರ್ ಎಂದರೆ ಊರೆಲ್ಲ ಸೇರಿ ಕೂಲಿಯಿಲ್ಲದೆ ಮಾಡುವ ಕೆಲಸ. ಕರೆದಾಗ ಬಾರದವನನ್ನು ನಮ್ಮಲ್ಲಿ ಸತ್ತಾಗಲೂ ಯಾರೂ ಹೊರುವುದಿಲ್ಲ. ಅಂಥ ಕರೆಗೆ ಅಂದು ಒಂದು ಕೈಯೂ ಏಳಲಿಲ್ಲ. ಗಂಡಸರು ನೆಲ ನೋಡಿದರು. ಕುರಿ ಕೊಟ್ಟು ಕೆಟ್ಟವರು ಬೆನ್ನನ್ನೂ ಕೊಡಬೇಕೇ? ಕೊನೆಗೆ ಎಲ್ಲರ ಕಣ್ಣೂ ಸಲ್ಕಿನಾಯಳ ಮೇಲೆ ಬಂದು ನಿಂತವು.

ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ನಾಳೆ ನನ್ನ ಕಡಾಯಿ ಇಲ್ಲಿ ಉರಿಯುತ್ತೆ. ಒಂದು ಸಲ ಅವನಿಗೆ ಹೊಣೆ ಅಂದಿದ್ದೆ, ಇನ್ನೊಂದು ಸಲನೂ ಅಂತೀನಿ. ಇಟ್ಟಿಗೆ ಹೊತ್ತವರಿಗೆ ಊಟ. ಬೇಲಿ ಮೇಲೆ ಕೂತು ನೋಡೋರಿಗೆ ವಾಸನೆ."

ಕುತ್ಮನ್ ಆ ಸಂಜೆಯೇ ಕಾರು ಹತ್ತಿದ. ಧೂಳು ಕರಗುವ ಮೊದಲೇ ಜಿಪಾರ್, "ಹೋದ. ಇನ್ನು ಆ ಮುಖ ಹಾಲಿನ ಪ್ಯಾಕೆಟ್ ಮೇಲೇ ನೋಡ್ಬೇಕು" ಎಂದಳು.

ಬೆಳಗಾಯಿತು. ಸಲ್ಕಿನಾಯ್ ಒಲೆ ಹೂಡಿದಳು. ಶೈಲೋ ಕರುವನ್ನು ಬಿಚ್ಚಿ, ತುರಿಕೆ ಸೊಪ್ಪು ಕೀಳುತ್ತ ಕೂತ. ಮಗ ಮಣ್ಣು ಕಲಸಿದ. ಬೇಲಿಗಳ ಮೇಲೆ ಮಾತ್ರ ಟೋಪಿಗಳು ಸಾಲಾಗಿದ್ದವು. ಬಿಸಿಲೇರಿತು, ದಾರಿ ಖಾಲಿ. ಮಧ್ಯಾಹ್ನ ಕಳೆಯಿತು, ದಾರಿ ಖಾಲಿ.

"ಮಾಂಸ ಕರಗಿ ಗಂಜಿ ಆಗ್ತಿದೆ ಕಣೇ" ಎಂದ ಶೈಲೋ.

"ಆಗಲಿ. ಹಲ್ಲಿಲ್ಲದ ಮೇಷ್ಟ್ರಿಗೆ ಅನುಕೂಲ. ಅವನು ಬರ್ತಾನೆ."

"ಬರದಿದ್ರೆ?"

"ಆ ಮೂಳೆ ತಿಂದ ರೀತಿ ನೋಡಲಿಲ್ವಾ ನೀವು? ಅವಮಾನ ಆದೋನು ಬಿಸಾಕ್ತಾನೆ. ಇವನು ಚೀಪಿದ. ಬರ್ತಾನೆ."

ಬಂದ. ಮೂರು ಲಾರಿಗಳ ಮುಂದೆ, ಹಳೆಯ ಅಂಗಿಯಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಬಂದ. ಪಟ್ಟಣದ ವ್ಯಾಯಾಮಶಾಲೆಗೆಂದು ರಾಶಿ ಹಾಕಿದ್ದ ತೊಲೆ, ತಗಡು, ಇಟ್ಟಿಗೆಗಳನ್ನೆಲ್ಲ ಹೇರಿಸಿಕೊಂಡು ಬಂದಿದ್ದ. ಅದರ ಬಾಗಿಲ ಮುಂದೆ ನಿಲ್ಲಿಸಿದ್ದ ತನ್ನದೇ ಮುಖದ ದೊಡ್ಡ ತಗಡಿನ ಹಲಗೆಯನ್ನೂ ಕಿತ್ತು ತಂದಿದ್ದ. ಲಾರಿಯಿಂದ ಮೊದಲ ತೊಲೆಯನ್ನು ಅವನೇ ಹೆಗಲಿಗೆ ಹಾಕಿಕೊಂಡು ಇಳಿದಾಗ, ಬೇಲಿಯ ಮೇಲಿನ ಮೊದಲ ಟೋಪಿ ಇಳಿಯಿತು. ಆಮೇಲೆ ಎಲ್ಲ ಇಳಿದವು. ಜಿಪಾರ್ ಕೂಡ ಕರು ಕಟ್ಟಿದ್ದ ಹಗ್ಗ ತಂದು, "ತೊಲೆ ಎಳೆಯೋಕೆ ಬೇಕಾಗುತ್ತೆ, ತಗೊಳ್ರೋ" ಎಂದಳು.

ಚಾವಣಿ ಏರುವ ತನಕ ಕುತ್ಮನ್ ಊರು ಬಿಡಲಿಲ್ಲ. ಅಸ್ಕಾತ್‌ನನ್ನೂ ಬಿಡಲಿಲ್ಲ. ಅವನ ಮೃದುವಾದ ಕೈಗಳಲ್ಲಿ ಮಣ್ಣು ಕಲಸಿಸಿದ. ಮುಖದ ಹಲಗೆ ಹಿತ್ತಲ ಕಟ್ಟಿಗೆ ಗೂಡಿನ ಚಾವಣಿಯಾಯಿತು. ಈಗಲೂ ಕಟ್ಟಿಗೆ ತರಲು ಬಗ್ಗಿದವರು ತಲೆಯೆತ್ತಿದರೆ ಪೈಲ್ವಾನನ ಹಲ್ಲು ಕಾಣುತ್ತದೆ. ಕಟ್ಟಡ ನಿಂತದ್ದು ನೋಡಿ ಜಿಲ್ಲೆಯವರು ಒಬ್ಬ ಸೂಲಗಿತ್ತಿಯನ್ನೂ ಕೊಟ್ಟರು.

ಚಾವಣಿಯ ದಿನ ಕುರಿ ಕೊಯ್ದರು. ಊರೆಲ್ಲ ನೋಡುತ್ತಿದ್ದಂತೆ ಸಲ್ಕಿನಾಯ್ ಸೊಂಟದ ಮೂಳೆ ಹಿಡಿದು ಕುತ್ಮನನ ಮುಂದೆ ಬಂದಳು. ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಬೇಡ ಅಪಾ. ಇವತ್ತೂ ಆ ಸಣ್ಣದನ್ನೇ ಹಾಕು. ಚಾವಣಿ ಹಾಕಿದ್ದು ಊರು. ಇಲ್ಲಿನ್ನೂ ಒಂದು ಮಗುನೂ ಹುಟ್ಟಿಲ್ಲ."

"ನನ್ನ ಕರು?" ಎಂದಳು ಜಿಪಾರ್.

ಈ ಸಲ ಇಡೀ ಊರು ಬಿದ್ದು ಬಿದ್ದು ನಕ್ಕಿತು. ಮುಂಗಾಲಿನ ಮೂಳೆಯನ್ನು ಅವನು ಚೀಪುವುದನ್ನು ನೋಡುತ್ತ ತಾಬಲ್ದಿ ಪಕ್ಕದವನಿಗೆ, "ಈಗ ನಂಬಬಹುದು" ಎಂದನಂತೆ. ಸಲ್ಕಿನಾಯ್ ಸೊಂಟದ ಮೂಳೆಗೆ ಮಾಂಸ ಸಮೇತ ಉಪ್ಪು ಸವರಿ, ತಣ್ಣನೆಯ ಉಗ್ರಾಣದ ತೊಲೆಗೆ ನೇತುಹಾಕಿದಳು.

ಹಿಮ ಬಂತು. ಘಟ್ಟ ಮುಚ್ಚಿದ ದಿನವೇ ಮೀರಿಮ್‌ಗೆ ನೋವು ಶುರುವಾಯಿತು. ಅತ್ತೆಯ ತೋಳು ಹಿಡಿದು ಅವಳು ಅದೇ ದಾರಿಯಲ್ಲಿ, ಬಳಸದೆ, ನೆಟ್ಟಗೆ ನಡೆದು ಹೋದಳು. ಒಳಗೆ ಒಲೆ ಬೆಚ್ಚಗಿತ್ತು. ಸಲ್ಕಿನಾಯ್ ಹೊರಗಿನ ಬೆಂಚಿನ ಮೇಲೆ ಹಳೆಯ ಶಾಲನ್ನೇ ಹೊದ್ದು ಕೂತಳು. ಒಂದು ಮಗುವನ್ನು ಸುತ್ತಿ ತಂದಿದ್ದ ಶಾಲು ಅದು.  ಸಂಜೆಗೆ ಒಳಗಿನಿಂದ ಅಳು ಕೇಳಿಸಿತು. ಎಂಥ ಅಳು ಅಂತೀರಿ! ಪೈಲ್ವಾನರೇ ಹೆದರಬೇಕು. ಸೂಲಗಿತ್ತಿ ಮಗುವನ್ನು ತಂದು ಅದೇ ಶಾಲಿನಲ್ಲಿಟ್ಟಳು, ಬೆಚ್ಚಗೆ, ಒದೆಯುತ್ತ ಇತ್ತು. ಸಲ್ಕಿನಾಯ್ ನಾಚಿಕೆ ಬಿಟ್ಟು ಗೊಳೋ ಎಂದು ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ಮನೆಗೆ ಹೋದಳು. ಒಲೆ ಹೊತ್ತಿಸಿದಳು, ಉಗ್ರಾಣದ ತೊಲೆಯಿಂದ ಮೂಳೆಯ ಗಂಟು ಬಿಚ್ಚಿದಳು. ಆಮೇಲೆ ಮಗನ ಫೋನ್ ಕಸಿದುಕೊಂಡಳು. ಕುತ್ಮನ್ ಘಟ್ಟದಾಚೆ ಪಟ್ಟಣದಲ್ಲಿದ್ದ.

"ಅಪಾ? ಏನಾಯ್ತು? ಮೀರಿಮ್ ಹೇಗಿದಾಳೆ? ಗಂಡೋ ಹೆಣ್ಣೋ?"

"ಬಂದು ನೋಡು."

"ಘಟ್ಟ ಮುಚ್ಚಿದೆಯಲ್ಲ ಅಪಾ!"

"ಕಾರಿಗೆ ಮುಚ್ಚಿದೆ, ಕುದುರೆಗೆ ಮುಚ್ಚಿಲ್ಲ. ಹಿಮ ನಿಲ್ಲುತ್ತಲೇ ಶೈಲೋ ಎದುರಿಗೆ ಬರ್ತಾನೆ. ಬೇಗ ಬಾ ಮಗನೇ, ನಿನ್ನ ಮೂಳೆ ಬೇಯೋಕೆ ಇಟ್ಟಿದೀನಿ."