ಪೂಜೆ ಮುಗಿಯುವವರೆಗೆ ಕಾಯದ ಚರ್ಮ

ಪಲ್ಲಾವರಂನ ಚರ್ಮದ ಡಾಕ್ಟರ ಕೋಣೆಯಲ್ಲಿ ಅಂದು ನಾವು ನಾಲ್ವರಿದ್ದೆವು. ಡಾಕ್ಟರಮ್ಮ, ನನ್ನ ಅತ್ತೆ, ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚಲೊಲ್ಲದ ನನ್ನ ಮಗಳು, ಮತ್ತು ಅರ್ಧರ್ಧ ಖಾಲಿಯಾದ ಕ್ರೀಮಿನ ಡಬ್ಬಿಗಳನ್ನು ಚೀಲದಲ್ಲಿ ಹೊತ್ತ ನಾನು.

ಮಗಳಿಗೆ ಎಸ್ಜಿಮಾ. ಮೊಣಕೈ ಮಡಿಕೆಗಳಲ್ಲಿ ಚರ್ಮ ಕೆಂಪಾಗಿ, ಒರಟಾಗಿ, ಕೆರೆದೂ ಕೆರೆದೂ ಬಿರಿದಿತ್ತು. ಶಾಲೆಯಲ್ಲಿ ಗುಂಪು ಫೋಟೊ ಹತ್ತಿರ ಬರುತ್ತಿತ್ತು. ಅದಕ್ಕೆ ಅರ್ಧತೋಳಿನ ಸಮವಸ್ತ್ರವೇ ಆಗಬೇಕು. "ನಾನ್ ಪೋಗಮಾಟ್ಟೇನ್," ಹೋಗುವುದೇ ಇಲ್ಲ ಎಂದು ತಮಿಳಿನಲ್ಲಿ ಹಟ ಹಿಡಿದಿದ್ದಳು.

ಈ ಊರಲ್ಲಿ ಸಲಹೆ ಕೊಡದವರು ಯಾರಿದ್ದರು? ಕೊಬ್ಬರಿ ಎಣ್ಣೆ ಎಂದರು, ಬೇವಿನೆಲೆ ಎಂದರು. ಟಿ. ನಗರದಿಂದ ತಂದ ಘಮಘಮ ಲೋಷನ್ ಹಚ್ಚಿದಾಗ ಮಗು ಉರಿ ಉರಿ ಎಂದು ಮನೆಯೆಲ್ಲ ಕುಣಿಯಿತು. ಕೊನೆಗೆ ಈ ಡಾಕ್ಟರು ಕೊಟ್ಟ, ಬೆಣ್ಣೆಯಂಥ, ವಾಸನೆಯೇ ಇಲ್ಲದ ಕ್ರೀಮೂ ನಾಟಲಿಲ್ಲ.

"ಯಾವಾಗ ಹಚ್ತೀರಿ?" ಡಾಕ್ಟರು ತಮಿಳಿನಲ್ಲಿ ಕೇಳಿದರು.

"ಸ್ನಾನ ಆದ ತಕ್ಷಣ," ಎಂದೆ. ಬೆಳಗ್ಗೆ ನಾನು ಬ್ಯಾಂಕಿಗೆ ಓಡುವವಳು. ಮಗುವಿನ ಸ್ನಾನ ಅತ್ತೆಯದು.

"ತಕ್ಷಣ ಎಲ್ಲಿ ಬಂತು?" ಅತ್ತೆ ತಿದ್ದಿದರು. "ಸ್ನಾನ, ದೇವರ ದೀಪ, ಸ್ತೋತ್ರ, ಆಮೇಲೆ ಕ್ರೀಮು. ಜಿಡ್ಡು ಕೈಯಲ್ಲಿ ದೇವರ ಸಾಮಾನು ಮುಟ್ಟೋದುಂಟೆ?"

ನಾನು ಅದನ್ನೇ ತಮಿಳಿನಲ್ಲಿ ಹೇಳಿದೆ. "ಪೂಜೆ ಎಷ್ಟು ಹೊತ್ತು?" ಎಂದರು ಡಾಕ್ಟರು.

"ಅವಸರದ ಪೂಜೆ ನಮ್ಮನೇಲಿಲ್ಲ!" ಎಂದರು ಅತ್ತೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಮೈ ಮೇಲಿನ ನೀರು ಆರುವಾಗ ಚರ್ಮದೊಳಗಿನ ಪಸೆಯೂ ಹೋಗುತ್ತದೆ. ಒದ್ದೆ ಇರುವಾಗಲೇ ಹಚ್ಚಿದರೆ ಕ್ರೀಮು ಅದನ್ನು ಹಿಡಿದಿಡುತ್ತದೆ ಎಂದರು. ನಮ್ಮ ಮಗುವೋ ಫ್ಯಾನಿನಡಿ ಕೈಮುಗಿದು ನಿಂತು ಹಪ್ಪಳದಂತೆ ಒಣಗುತ್ತಿತ್ತು! ಇಷ್ಟು ದಿನ ನಾನು ಬೈದದ್ದು ಡಬ್ಬಿಗಳನ್ನು.

ಆಟೋದಲ್ಲಿ ತಡೆಯಲಾಗದೆ ಅತ್ತೆಯನ್ನು ಕೇಳಿಯೇಬಿಟ್ಟೆ. "ಅಮ್ಮಾ, ಪೂಜೆ ಆದ ಮೇಲೆ ಹಚ್ಚೋದು ಅಂತ ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?"

ನಮ್ಮಿಬ್ಬರ ನಡುವೆ ಕೂತ ಮಗಳು ಮನೆ ಬರುವವರೆಗೆ ಕೆರೆದುಕೊಳ್ಳುತ್ತಲೇ ಇದ್ದಳು.

ಮರುದಿನ ನೋಡಿದರೆ ಅತ್ತೆ ಬಚ್ಚಲ ಬಾಗಿಲಲ್ಲೇ ಡಬ್ಬಿ ಹಿಡಿದು ಕೂತಿದ್ದಾರೆ. "ಉಜ್ಜಬೇಡ್ವೇ, ಟವಲು ಒತ್ತು ಸಾಕು. ದೇವರಿಗೂ ಅಭಿಷೇಕ ಆದ ಒದ್ದೆ ಮೈಗೇ ಅಲ್ವೇ ಗಂಧ ಹಚ್ಚೋದು?" ನನ್ನತ್ತ ತಿರುಗಿ, "ನಿಮ್ಮ ಡಾಕ್ಟ್ರು ಇದನ್ನ ಮೊದಲೇ ಹೇಳಬಾರದಿತ್ತಾ?"

ನಾನು ಹಲ್ಲು ಕಚ್ಚಿಕೊಂಡು ಚಪ್ಪಲಿ ಮೆಟ್ಟಿದೆ.

ಫೋಟೊದ ದಿನ ಮೊಣಕೈಯಲ್ಲಿ ಕಲೆಗಳು ಇನ್ನೂ ಇದ್ದವು, ಕೆರೆತ ಇಳಿದಿತ್ತು. ಮಗಳು ಅರ್ಧತೋಳಿನ ಅಂಗಿ ಹಾಕಿಕೊಂಡು ಶಾಲೆಯ ವ್ಯಾನು ಹತ್ತಿದಳು. ವ್ಯಾನು ತಿರುವು ದಾಟಿದ ಮೇಲೆ ಅತ್ತೆ ಕೈ ತೊಳೆದುಕೊಂಡು, ದೇವರ ದೀಪ ಹಚ್ಚಲು ಒಳಗೆ ಹೋದರು.