ಯಾರೂ ವಾಸವಿಲ್ಲದ ಓಣಿ

ಸೈಕಲ್ಲಿಗೆ ಗಾಳಿ ಹೊಡೆಯುವವನಾದ್ದರಿಂದ ಓಣಿಯವರೆಲ್ಲ ಅವನನ್ನು ಗಾಳಿಯಣ್ಣ ಎನ್ನುತ್ತಿದ್ದರು. ಮೈಯೂ ಹೆಸರಿಗೆ ತಕ್ಕಂತೆಯೇ ಇತ್ತು ಅನ್ನಿ. ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದಿತ್ತು. ಹಳೆಯ ಗೋದಾಮುಗಳ ಬೆನ್ನಿಗೆ ಅಂಟಿಕೊಂಡು ಬೆಳೆದ ಓಣಿ ಅದು. ಅದರ ಬಾಯಲ್ಲೇ ಅವನ ಪಂಕ್ಚರ್ ಅಂಗಡಿ: ತಗಡಿನ ಮಾಡು, ನೀರು ತುಂಬಿದ ಬಾಣಲೆ, ಒಂದು ಪಂಪು, ಹಲಗೆಯ ಮೇಲೆ ಅಂಟಿನ ಟ್ಯೂಬು, ಎದುರಿನ ಕಂಬಕ್ಕೆ ಹೊಡೆದ ಒಂದು ದಪ್ಪ ಮೊಳೆ. ಆ ಮೊಳೆಯ ಮೇಲೆ ಓಣಿಯ ಜೀವವೇ ನಿಂತಿತ್ತು ಎಂದರೆ ನೀವು ನಗಬಹುದು. ನಗಬೇಡಿ.

ಮೊಳೆಗೆ ಟೈರು ನೇತುಬಿದ್ದಿದ್ದರೆ ಸರ್ಕಾರದವರು ಬಂದಿದ್ದಾರೆ ಎಂದರ್ಥ. ಬಗಲಲ್ಲಿ ಚೀಲ, ಜೇಬಲ್ಲಿ ಪೆನ್ನು, ಕಾಲಲ್ಲಿ ಮಿರಮಿರ ಮಿಂಚುವ ಬೂಟು ಇರುವ ಯಾರೇ ಆಗಲಿ ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು, ಗಾಳಿಯಣ್ಣ ಕೈಲಿದ್ದ ಕೆಲಸ ಬಿಟ್ಟು ಟೈರು ಏರಿಸುತ್ತಿದ್ದ. ಆಮೇಲೆ ಓಣಿಯಲ್ಲಿ ನಡೆಯುತ್ತಿದ್ದುದನ್ನು ನೋಡಲು ಎರಡು ಕಣ್ಣು ಸಾಲದು. ಮನೆಮಂದಿ ಒಳಗೆ, ಬೀಗ ಹೊರಗೆ. ಬೀಗ ಹಾಕಿದವರು ಹಿಂದಿನ ಗೋಡೆ ಹಾರಿ ಒಳಗಿಳಿಯುತ್ತಿದ್ದರು. ಒಣಹಾಕಿದ ಬಟ್ಟೆ ಹಗ್ಗದ ಸಮೇತ ಮಾಯ. ಪಾತ್ರೆಗೆ ಮುಚ್ಚಳ, ಮಕ್ಕಳ ಬಾಯಿಗೆ ಅಂಗೈ. ಬಂದವನು ಓಣಿಯ ಉದ್ದಕ್ಕೂ ನಡೆದು, ಬೀಗಗಳನ್ನು ನೋಡಿ ಬೇಸತ್ತು, ಗಾಳಿಯಣ್ಣನನ್ನೇ ಕೇಳುತ್ತಿದ್ದ: "ಇಲ್ಲಿ ಯಾರಿದಾರಯ್ಯ?"

"ಯಾರೂ ಇಲ್ಲ ಸ್ವಾಮಿ. ಹಳೇ ಸಾಮಾನು ತುಂಬಿಟ್ಟಿದಾರೆ. ಇಲಿಗಳಿವೆ, ಬೇಕಾದ್ರೆ ಬರ್ಕೊಳ್ಳಿ."

ಇದು ತಮಾಷೆಗೆ ಕಲಿತ ವಿದ್ಯೆಯಲ್ಲ. ಈ ಜನ ಮೊದಲು ಹೊಳೆದಂಡೆಯ ಗುಡಿಸಲುಗಳಲ್ಲಿದ್ದರು. ಅಲ್ಲಿಗೆ ಒಬ್ಬ ಅಧಿಕಾರಿ ಬಂದ. ನಗುಮುಖದವನು, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸಿದವನು. ನಿಮ್ಮ ಹೆಸರು ಸರ್ಕಾರಕ್ಕೆ ಗೊತ್ತಾಗಲಿ, ಒಳ್ಳೆಯದಾಗುತ್ತದೆ ಎಂದ. ಆಗ ಗಾಳಿಯಣ್ಣನಿಗೆ ಇನ್ನೂ ಚಿಗುರುಮೀಸೆ. ನಾಲ್ಕಕ್ಷರ ಬರುತ್ತಿದ್ದವನು ಅವನೊಬ್ಬನೇ ಆದ್ದರಿಂದ ಆ ಅಧಿಕಾರಿಯ ಪಕ್ಕದಲ್ಲಿ ಕುಳಿತು ಎಲ್ಲರ ಹೆಸರೂ ಹೇಳಿ ಬರೆಸಿದ. ಮುಂದಿನ ತಿಂಗಳು ಪೊಲೀಸರು ಅದೇ ಹೆಸರುಗಳನ್ನು ಒಂದೊಂದಾಗಿ ಕೂಗಿ, ಒಂದೊಂದೇ ಗುಡಿಸಲು ಕಿತ್ತರು. ಯಾರೊಬ್ಬರೂ ತಪ್ಪಿಸಿಕೊಳ್ಳುವಂತಿರಲಿಲ್ಲ, ಅಷ್ಟು ಅಚ್ಚುಕಟ್ಟಾಗಿ ಬರೆಸಿದ್ದ. ಚಳಿಗಾಲ. ಬಯಲಲ್ಲಿ ಮಲಗಿದ ಮೂರನೆಯ ದಿನ ಅವನ ಹಸುಗೂಸಿಗೆ ಜ್ವರ ಬಂತು. ಮಗು ಉಳಿಯಲಿಲ್ಲ.

ಅಂದಿನಿಂದ ಅವನದು ಒಂದೇ ಹಟ: ಸರ್ಕಾರದ ಕಣ್ಣಿಗೆ ಬೀಳಬಾರದು. ಓಣಿಗೆ ಯಾರೇ ಹೊಸದಾಗಿ ಬರಲಿ, ತಲೆ ಮೇಲಿನ ಗಂಟು ಇಳಿಸುವ ಮೊದಲೇ ಹೊಳೆದಂಡೆಯ ಕಥೆ ಹೇಳುತ್ತಿದ್ದ. ಮಗುವಿನ ವಿಷಯ ಬಂದಾಗ ಅವನ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು. ಕೇಳಿದವರು ಆಮೇಲೆ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಓಟಿಲ್ಲ, ರೇಷನ್ನಿಲ್ಲ, ನಲ್ಲಿಯಿಲ್ಲ. ಹಾಗಂತ ಓಣಿಯೇನು ಹಾಳು ಬೀಳಲಿಲ್ಲ. ಚರಂಡಿ ತಾವೇ ತೋಡಿದರು, ನೀರಿಗೆ ಸರದಿ ಮಾಡಿಕೊಂಡರು, ಗಂಡಹೆಂಡಿರ ಜಗಳ ಪಂಕ್ಚರ್ ಅಂಗಡಿಯ ಮುಂದೆ ತೀರುತ್ತಿತ್ತು, ಹೆಣಕ್ಕೆ ಹೆಗಲು ಕೊಡಲು ಕರೆಯದೆಯೇ ಜನ ಬರುತ್ತಿದ್ದರು. ರಾಜ್ಯ ಆಳುವವರು ಬಂದು ಕಲಿಯಬೇಕಿತ್ತು. ಆದರೆ ಬಂದರೆ ಟೈರು ಏರುತ್ತಿತ್ತಲ್ಲ!

ಎರಡು ವರ್ಷದ ಹಿಂದೆ ಅವನ ಹೆಂಡತಿ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಂದು ಮಂಚ ಹಿಡಿದವಳು ಏಳಲಿಲ್ಲ. ಗಾಳಿಯಣ್ಣ ಅಂಗಡಿಯಲ್ಲಿರುವಾಗ ಅವಳನ್ನು ಮಗ್ಗುಲು ಬದಲಿಸಿ, ಮೈ ಒರೆಸಿ, ಉಣ್ಣಿಸುತ್ತಿದ್ದವಳು ಪಕ್ಕದ ಮನೆಯ ಹೊಲಿಗೆಯಕ್ಕ. ಗಂಡ ತೀರಿಕೊಂಡ ಒಂಟಿ ಹೆಂಗಸು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆ ಮಿಷನ್ನು ನಿಲ್ಲುತ್ತಿತ್ತು. ಅವಳಿಲ್ಲದಿದ್ದರೆ ತನ್ನ ಸಂಸಾರ ಮೂರಾಬಟ್ಟೆಯಾಗುತ್ತಿತ್ತು ಎಂಬುದು ಗಾಳಿಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಗಣತಿಯವಳು ಬಂದಳು. ಬೂಟಿಲ್ಲ, ಸವೆದ ಚಪ್ಪಲಿ. ಚೀಲ ನೋಡಿ ಗಾಳಿಯಣ್ಣ ಟೈರು ಏರಿಸಿದ. ಓಣಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಸತ್ತಂತಾಯಿತು. ಅವಳು ಕೊನೆಯವರೆಗೂ ಹೋಗಿ, ಬೆವರು ಒರೆಸಿಕೊಳ್ಳುತ್ತ ಹಿಂದಿರುಗಿ, ಕುಡಿಯಲು ನೀರು ಕೇಳಿದಳು. ಕೊಟ್ಟ.

"ಅಣ್ಣ, ಇಲ್ಲಿ ಯಾರಾದ್ರೂ ವಾಸ ಇದಾರಾ? ನಿಜ ಹೇಳಿ."

"ಯಾರೂ ಇಲ್ಲಮ್ಮ."

"ಮಗು ಅತ್ತ ಹಾಗೆ ಕೇಳಿಸ್ತು."

"ಬೆಕ್ಕು."

ಅವಳು ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಬರೆದುಕೊಂಡು ಹೋದಳು. ಸಂಜೆ ಓಣಿಯವರೆಲ್ಲ ಅವನ ಬೆನ್ನು ತಟ್ಟಿದರು. "ಬೆಕ್ಕಂತೆ!" ಎಂದು ಹೊಲಿಗೆಯಕ್ಕ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು. ಅವನೂ ಬೀಗಿದ. ಅಂದು ಅವನಷ್ಟು ಜಾಣ ಊರಲ್ಲೇ ಇರಲಿಲ್ಲ.

ಹತ್ತು ಹದಿನೈದು ದಿನ ಕಳೆದಿರಬೇಕು. ಕಾಲುವೆಯಾಚೆಯ ಕೇರಿಯ ಬಸ್ ಕಂಡಕ್ಟರೊಬ್ಬ ಸೈಕಲ್ ತಳ್ಳಿಕೊಂಡು ಬಂದ. ಗಾಳಿಯಣ್ಣ ಟ್ಯೂಬನ್ನು ನೀರಲ್ಲಿ ಅದ್ದಿ ತೂತು ಹುಡುಕುತ್ತಿದ್ದಾಗ ಕಂಡಕ್ಟರು ಖುಷಿಯಿಂದ ಕೇಳಿದ: "ನಮ್ಮ ಕೇರಿಯವರಿಗೆಲ್ಲ ಮನೆ ಸಿಕ್ತು ಗಾಳಿಯಣ್ಣ. ನಿಮ್ಮೋರಿಗೆ ಎಷ್ಟು ಬಂದ್ವು?"

"ಯಾವ ಮನೆ?"

"ಅಯ್ಯೋ, ರಸ್ತೆ ಅಗಲ ಮಾಡ್ತಾರಲ್ಲ! ಗೋದಾಮು, ನಿಮ್ಮ ಓಣಿ, ನಮ್ಮ ಕೇರಿ ಎಲ್ಲಾ ಹೋಗುತ್ತೆ. ವಾಸ ಇದ್ದೋರಿಗೆ ಬೇರೆ ಕಡೆ ಮನೆ. ಅದಕ್ಕೇ ತಾನೆ ಆ ಹೆಣ್ಣುಮಗಳು ಎಣಿಸ್ಕೊಂಡು ಹೋಗಿದ್ದು?"

ನೀರಲ್ಲಿ ಗುಳ್ಳೆ ಏಳುತ್ತಲೇ ಇತ್ತು, ತೂತಿನ ಮೇಲೆ ಬೆರಳಿಡಬೇಕೆಂದೂ ಗಾಳಿಯಣ್ಣನಿಗೆ ಹೊಳೆಯಲಿಲ್ಲ.

ಮರುದಿನ ಅವನು ಜನ್ಮದಲ್ಲಿ ಮೊದಲ ಸಲ ಕಚೇರಿಯ ಮೆಟ್ಟಿಲು ಹತ್ತಿದ. ಬೆಂಚಿನಿಂದ ಬೆಂಚಿಗೆ, ಕಿಟಕಿಯಿಂದ ಕಿಟಕಿಗೆ ಅಲೆದು ಅಲೆದು, ಕೊನೆಗೆ ಒಂದು ವಾರವಾದ ಮೇಲೆ ಸಾಹೇಬರ ಮುಂದೆ ನಿಂತ. ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನವಾಗುತ್ತಿತ್ತು.

"ಸ್ಥಳದಲ್ಲಿ ವಿಚಾರಿಸಲಾಗಿ ಯಾರೂ ವಾಸವಿಲ್ಲ ಅಂತ ತಿಳಿದುಬಂತು, ಅಂತಿದೆ. ಹೇಳಿದೋರು ಪಂಕ್ಚರ್ ಅಂಗಡಿಯೋರು."

"ನಾನೇ ಸ್ವಾಮಿ ಅದು. ಸುಳ್ಳು ಹೇಳ್ದೆ."

"ಯಾಕಪ್ಪಾ?"

ಹೊಳೆದಂಡೆಯ ಕಥೆ ಹೇಳಿದ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಪ್ಪ, ಸರ್ಕಾರ ಅಂದ್ರೆ ಅದಕ್ಕೆ ಕಾಣೋರಿಗೆ ಮಾತ್ರ. ನೀವು ಕಾಣಿಸ್ಕೊಳ್ಳದೆ ಹೋದ್ರೆ ನಾವೇನು ಕೊಡೋಕಾಗುತ್ತೆ?"

"ಕಾಣಿಸ್ಕೊಂಡಾಗ ಏನು ಕೊಟ್ರಿ ಸ್ವಾಮಿ?"

ಸಾಹೇಬರು ಕಿಟಕಿಯ ಕಡೆ ನೋಡಿದರು. ಆಮೇಲೆ, "ಬುಧವಾರ ಇನ್ನೊಂದ್ಸಲ ಕಳಿಸ್ತೀನಿ. ಇದೇ ಕೊನೆ. ಪ್ರತಿಯೊಬ್ರೂ ಬಾಗಿಲು ತೆಗೆದು ಹೊರಗೆ ನಿಂತಿರಬೇಕು, ಹೆಸರು ಹೇಳಬೇಕು. ಬೀಗ ಹಾಕಿದ್ರೆ ಅದು ಮನೆ ಅಲ್ಲ" ಎಂದರು.

ಗಾಳಿಯಣ್ಣ ಓಡುತ್ತಲೇ ಬಂದ. ಮನೆಮನೆಗೂ ಹೋಗಿ ಹೇಳಿದ, ಕೈಮುಗಿದ, ದಮ್ಮಯ್ಯ ಅಂದ. ಜನ ಮುಖ ಮುಖ ನೋಡಿಕೊಂಡರು. ಮೂಟೆ ಹೊರುವ ಹಮಾಲಿಯೊಬ್ಬ ಕಡ್ಡಿ ಮುರಿದಂತೆ ಹೇಳಿದ: "ಹೊಳೆದಂಡೇಲೂ ಹಿಂಗೇ ಹೇಳಿದ್ರು ಅಂದೋನು ನೀನೇ ಅಲ್ವಾ? ವಾರಗಟ್ಟಲೆ ಕಚೇರಿಗೆ ಅಲೆದೆ. ಎಷ್ಟಕ್ಕೆ ಮಾತಾಯ್ತು?"

ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಹಮಾಲಿ ಅಂದದ್ದರಲ್ಲಿ ಅರ್ಧ ಅವನದೇ ಮಾತು. ಇಷ್ಟು ವರ್ಷ ಅವರ ಎದೆಗೆ ಮೊಳೆ ಹೊಡೆದಂತೆ ಹೊಡೆದು ಕೂರಿಸಿದ್ದನ್ನು ಎರಡು ದಿನದಲ್ಲಿ ಕೀಳಬೇಕಿತ್ತು.

ಹೊಲಿಗೆಯಕ್ಕ ಅವನ ಹೆಂಡತಿಯ ತಲೆ ಬಾಚುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿದಳು: "ನಿನ್ನ ಮಾತು ನಂಬಿ ಇಷ್ಟು ವರ್ಷ ಬದುಕಿದೀನಿ ಅಣ್ಣ. ಆವಾಗಿಂದು ಸುಳ್ಳೋ, ಈಗಿಂದು ಸುಳ್ಳೋ?"

"ಅದೂ ನಿಜ, ಇದೂ ನಿಜ ಅಕ್ಕ."

"ಎರಡೂ ನಿಜ ಆದ್ರೆ ನಾನು ಒಳಗಿರ್ಲೋ, ಹೊರಗೆ ಬರ್ಲೋ?"

"ಹೊರಗೆ ಬಾ. ನನ್ನಾಣೆ, ಹೊರಗೆ ಬಾ."

ಅವಳು ಬರುತ್ತೇನೆ ಎಂದಳು. ಇನ್ನೂ ಕೆಲವರು, ಅವಳು ಬಂದರೆ ನಾವೂ ಬರುತ್ತೇವೆ ಎಂದರು. ಗಾಳಿಯಣ್ಣನ ಹೋದ ಜೀವ ಬಂದಂತಾಯಿತು.

ಬುಧವಾರ ಬೆಳಗ್ಗೆ ಬಾಗಿಲುಗಳೆಲ್ಲ ತೆರೆದಿದ್ದವು. ಹೆಂಗಸರು ತಲೆ ಬಾಚಿ, ಮಕ್ಕಳಿಗೆ ಒಗೆದ ಅಂಗಿ ಹಾಕಿ ಹೊಸ್ತಿಲ ಮೇಲೆ ನಿಂತಿದ್ದರು. ಗಾಳಿಯಣ್ಣ ಹೆಂಡತಿಯ ಮಂಚವನ್ನು ಹೊರಗೆ ಎಳೆದುಕೊಂಡು ಬಂದ. ಅವಳು ಎರಡು ವರ್ಷದ ಮೇಲೆ ಬಿಸಿಲು ಕಂಡು ಕಣ್ಣು ಕಿರಿದು ಮಾಡಿದಳು. ತಿರುವಿನಲ್ಲಿ ಗಣತಿಯವಳು ಕಾಣಿಸಿದಳು. ಅವಳ ಹಿಂದೆ ಇಬ್ಬರು ಪೊಲೀಸರು.

ಬೇರೆ ಕೇರಿಯಲ್ಲಿ ಯಾರೋ ಗಲಾಟೆ ಮಾಡಿದ್ದರಂತೆ, ಅದಕ್ಕೆ ರಕ್ಷಣೆಗೆಂದು ಕಳಿಸಿದ್ದರಂತೆ. ಇದೆಲ್ಲ ಆಮೇಲೆ ತಿಳಿದದ್ದು. ಓಣಿಗೆ ಕಂಡದ್ದು ಖಾಕಿ ಮಾತ್ರ. ಟೈರು ಯಾರೂ ಏರಿಸಲಿಲ್ಲ, ಏರಿಸುವ ಅಗತ್ಯವೂ ಬೀಳಲಿಲ್ಲ. ತುದಿಯಲ್ಲಿ ಒಂದು ಬಾಗಿಲು ಮುಚ್ಚಿತು, ಅದರ ಪಕ್ಕದ್ದು, ಅದರ ಪಕ್ಕದ್ದು. ಬೀಗಗಳ ಸದ್ದು ಅವನ ಕಡೆಗೇ ಓಡಿಬಂತು. ಹೊಲಿಗೆಯಕ್ಕ ಅವನನ್ನೊಮ್ಮೆ ನೋಡಿದಳು. ಒಳಗೆ ಹೋದಳು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸಲ ಬಾ!" ಎಂದು ಬಾಗಿಲು ಬಡಿದ. ಹಲಗೆಯಾಚೆ ಅವಳ ಉಸಿರು ಕೇಳುತ್ತಿತ್ತು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಬಡಿದುಕೊಂಡು ಹೋದ. ಗಣತಿಯವಳು ಬಿಸಿಲಲ್ಲಿ ಕಾದಳು. ಪೊಲೀಸರನ್ನು ರಸ್ತೆಯವರೆಗೆ ಹಿಂದಕ್ಕೂ ಕಳಿಸಿದಳು. ಒಂದು ಬಾಗಿಲೂ ತೆರೆಯಲಿಲ್ಲ.

"ಒಳಗಿದಾರಮ್ಮ! ಎಲ್ರೂ ಒಳಗೇ ಇದಾರೆ! ಒಡೆದು ತೋರಿಸ್ಲಾ?"

"ನನಗೂ ಗೊತ್ತಣ್ಣ" ಎಂದಳು ಅವಳು. "ಬಾಗಿಲು ಒಡೆದು ಎಣಿಸಿದ್ರೆ ಅದು ಗಣತಿ ಅಲ್ಲ, ದಾಳಿ. ಅವರಾಗಿ ಬಂದು ನಾವಿದೀವಿ ಅನ್ಬೇಕು." ಕೊನೆಗೆ ಮಂಚದ ಹತ್ತಿರ ಬಂದು ಗಂಡಹೆಂಡತಿಯ ಹೆಸರು ಬರೆದುಕೊಂಡಳು. ಒಂದು ಮನೆ, ಇಬ್ಬರು.

ಮನೆ ಮಂಜೂರಾದ ಕಾಗದ ಬಂದ ದಿನ ಅದನ್ನು ಹರಿದು ಒಲೆಗೆ ಹಾಕುತ್ತೇನೆಂದು ಗಾಳಿಯಣ್ಣ ಹೊರಟ. ಹೆಂಡತಿ ಮಲಗಿದ್ದಲ್ಲಿಂದಲೇ ಕೇಳಿದಳು: "ನನ್ನನ್ನ ಹೊತ್ಕೊಂಡು ಯಾವ ಬಯಲಿಗೆ ಹೋಗ್ತೀಯಾ?" ಅವನು ಕಾಗದ ಮಡಿಸಿ ಜೇಬಲ್ಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಅತ್ತ. ಓಣಿಯವರು ಆಗಲೇ ಮಾತು ಬಿಟ್ಟಿದ್ದರು. ಹೊಲಿಗೆಯಕ್ಕ ಮಾತ್ರ ದಿನವೂ ಬಂದು, ಅವನ ಕಡೆ ನೋಡದೆ, ಹೆಂಡತಿಗೆ ಉಣ್ಣಿಸಿ ಹೋಗುತ್ತಿದ್ದಳು. ಅವನು ಮತ್ತೆ ಸಾಹೇಬರ ಹತ್ತಿರ ಹೋದ. ಅವರಿಗೆ ವರ್ಗವಾಗಿತ್ತು. ಹೊಸಬರು, "ಒಂದು ಸಲ ಇಲ್ಲ ಅಂತೀರಿ, ಒಂದು ಸಲ ಇದೆ ಅಂತೀರಿ. ನಿಮ್ಮ ಯಾವ ಮಾತು ನಂಬಲಿ?" ಎಂದು ಎಬ್ಬಿಸಿ ಕಳಿಸಿದರು.

ಒಂದು ಭಾನುವಾರ ಬೆಳಗ್ಗೆ ಯಂತ್ರ ಬಂತು. ಜೊತೆಗೆ ಗಾಳಿಯಣ್ಣನ ಸಾಮಾನಿಗೆಂದು ಒಂದು ಲಾರಿ, ಲಾರಿಗೊಬ್ಬ ಗುಮಾಸ್ತ. ಯಂತ್ರದ ಉಕ್ಕಿನ ಕೈ ಮೊದಲ ಗೋಡೆಗೆ ತಾಗಿದ್ದೇ ತಡ, ಓಣಿಯ ಬೀಗಗಳೆಲ್ಲ ಬಿಚ್ಚಿಕೊಂಡವು. ಜನ ಹೊರಗೆ ಬಂದರು. ಅಂದು ಅವನು ಬೇಡಿಕೊಂಡಂತೆಯೇ ತಂತಮ್ಮ ಹೊಸ್ತಿಲ ಮೇಲೆ ಸಾಲಾಗಿ ನಿಂತರು, ಮಕ್ಕಳನ್ನು ಎತ್ತಿ ಹಿಡಿದರು. ಹಮಾಲಿ ತನ್ನ ಹೆಸರು, ಅಪ್ಪನ ಹೆಸರು ಕೂಗಿದ. ಹೊಲಿಗೆಯಕ್ಕ ಯಂತ್ರದ ಮುಂದೆ ನಿಂತು, ಇಷ್ಟು ವರ್ಷ ಗೋಡೆಯಾಚೆಯ ಗಾಳಿಯಣ್ಣನಿಗೂ ಹೇಳದಿದ್ದ ತನ್ನ ಹೆಸರನ್ನು, ತೀರಿಹೋದ ಗಂಡನ ಹೆಸರನ್ನು, ಓಣಿಗೆ ಬಂದ ವರ್ಷವನ್ನು ಗಂಟಲು ಹರಿಯುವಂತೆ ಹೇಳಿದಳು. "ಬರ್ಕೊಳಪ್ಪ! ನಾನು ಇಲ್ಲೇ ಇದೀನಿ, ಬರ್ಕೋ!"

ಮೇಲೆ ಕುಳಿತವನು ಕೆಳಗೆ ಬಗ್ಗಿ, "ನಾನು ಬರೀ ಡ್ರೈವರು ತಾಯಿ. ನನ್ನ ಹತ್ರ ಪೆನ್ನೂ ಇಲ್ಲ" ಎಂದ.

ಗಾಳಿಯಣ್ಣ ಗುಮಾಸ್ತನ ಎರಡೂ ಕೈ ಹಿಡಿದುಕೊಂಡ. "ಸ್ವಾಮಿ, ಇವರೆಲ್ಲ ಇಲ್ಲಿಯವರು. ನನ್ನ ಮನೆ ಇವರಿಗೆ ಕೊಡಿ, ಇಲ್ಲಾ ನನ್ನನ್ನ ಜೈಲಿಗೆ ಹಾಕಿ. ಈಗಲೇ ನಡೀರಿ ಕಚೇರಿಗೆ, ಎಲ್ರೂ ಬರ್ತಾರೆ, ಎಲ್ರೂ ಹೆಸರು ಹೇಳ್ತಾರೆ. ನೋಡಿ, ಹೇಳ್ತಾ ಇದಾರೆ!"

ಗುಮಾಸ್ತ ಮೆಲ್ಲಗೆ ಕೈ ಬಿಡಿಸಿಕೊಂಡ. "ಇವತ್ತು ಭಾನುವಾರ ಕಣಪ್ಪ. ಕಚೇರಿಗೆ ರಜೆ. ನಿನ್ನ ಹೆಂಡತೀನ ಎತ್ಕೋ, ಲಾರಿ ಹೊರಡ್ಬೇಕು."