ಶಿವರತ್ನಮ್ಮನವರ ಮಜ್ಜಿಗೆ ಮೆಣಸಿನಕಾಯಿ

ಮಧುವನಹಳ್ಳಿಯ ಶಿವರತ್ನಮ್ಮನವರ ಮಜ್ಜಿಗೆ ಮೆಣಸಿನಕಾಯಿಗಾಗಿ ಕೊಳ್ಳೇಗಾಲದ ನೆಂಟರು ಡಬ್ಬಿ ಹಿಡಿದು ಬರುತ್ತಿದ್ದರು. ಸೀಳಿದ ಮೆಣಸಿನಕಾಯಿಯನ್ನು ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ನೆನೆಹಾಕುವುದು, ಬೆಳಿಗ್ಗೆ ಬಿಸಿಲಿಗೆ ಹರಡುವುದು, ಸಂಜೆ ತಿರುಗಿ ಅದೇ ಮಜ್ಜಿಗೆಗೆ ಹಾಕುವುದು. ಮಜ್ಜಿಗೆಯೆಲ್ಲ ಇಂಗುವ ತನಕ ಇದೇ ಕೆಲಸ. ಆಮೇಲೆ ಎಣ್ಣೆಯಲ್ಲಿ ಕರಿದರೆ ಗರಿಗರಿ. ಗಂಡ ಕೆಂಪನಂಜಪ್ಪನವರಿಗೆ ಅದಿಲ್ಲದೆ ಮುದ್ದೆ ಇಳಿಯುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಕೆಂಪನಂಜಪ್ಪ ಗದ್ದೆ ಬದುವಿನ ಮೇಲೆ ತಲೆಸುತ್ತಿ ಬಿದ್ದರು. ಬಿ.ಪಿ. ವಿಪರೀತ ಏರಿತ್ತು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಿ ಎಂದರು. ಶಿವರತ್ನಮ್ಮ ಸಾರಿಗೆ ಉಪ್ಪು ಇಳಿಸಿದರು. ಸಾರು ಸಪ್ಪೆಯಾಯಿತೆಂದು ಕೆಂಪನಂಜಪ್ಪ ಇನ್ನೂ ಎರಡು ಮೆಣಸಿನಕಾಯಿ ಹಾಕಿಸಿಕೊಂಡರು. ಬಿ.ಪಿ. ಜಗ್ಗಲಿಲ್ಲ.

ಊರಿನ ಆರೋಗ್ಯ ಉಪಕೇಂದ್ರದ ನರ್ಸ್ ಕೋಮಲ ಬಿ.ಪಿ. ನೋಡಲು ಮನೆಗೆ ಬಂದಾಗ ಕೆಂಪನಂಜಪ್ಪ ಊಟಕ್ಕೆ ಕೂತಿದ್ದರು. ಅವಳು ತಟ್ಟೆ ನೋಡಿದಳು.

"ಅಮ್ಮಾ, ಸಾರಲ್ಲಿ ತೆಗೆದ ಉಪ್ಪೆಲ್ಲ ಈ ಮೆಣಸಿನಕಾಯಿ ಕಡೆಯಿಂದ ಬತ್ತಾದೆ. ಮಜ್ಜಿಗೇಲಿರೋ ನೀರು ಆರೋಯ್ತದೆ, ಉಪ್ಪು ಕಾಯಲ್ಲೇ ಉಳೀತದೆ. ಮೇಲೆ ಎಣ್ಣೆ ಬೇರೆ."

ಶಿವರತ್ನಮ್ಮನವರ ಮುಖ ಬಾಡಿತು. "ಅಂಗಾರೆ ನನ್ ಕೈಯಾರೆ ಇವರಿಗೆ ಕೇಡು ಮಾಡ್ದೆ ಅನ್ನವ್ವ."

"ಉಣ್ಲಿ ಅಂತ ಮಾಡಿದ್ರಿ, ಅದು ತಪ್ಪಾ? ನಮ್ಮವ್ವನೂ ಇಂಗೇ ಮಾಡೋದು. ಬನ್ನಿ, ಒಲೆ ಮುಂದೆ ಕೂತು ಯೋಚ್ನೆ ಮಾಡವಾ."

ಇಬ್ಬರೂ ಸೇರಿ ಒಂದು ದಾರಿ ಕಂಡುಕೊಂಡರು. ಹಸಿ ಮೆಣಸಿನಕಾಯಿಯನ್ನು ಉಪ್ಪಿಲ್ಲದ ಹುಳಿ ಮಜ್ಜಿಗೆಯಲ್ಲಿ ಅದ್ದಿ, ಜೀರಿಗೆ ಪುಡಿ ಸವರಿ, ಕಾವಲಿಗೆ ಎಣ್ಣೆ ತುಸು ಸವರಿ ಊಟದ ಹೊತ್ತಿಗೇ ಸುಟ್ಟು ಬಡಿಸುವುದು. ಕರಿದದ್ದು ಹಬ್ಬಕ್ಕೆ ಮಾತ್ರ, ಅದೂ ಒಂದೇ.

"ಇದೂ ಒಂದು ಮೆಣಸಿನಕಾಯಾ?" ಎಂದು ಕೆಂಪನಂಜಪ್ಪ ಮೊದಲ ದಿನ ತಟ್ಟೆ ತಳ್ಳಿದರು. ಶಿವರತ್ನಮ್ಮ ಜಗಳ ಮಾಡಲಿಲ್ಲ. ತಮ್ಮ ತಟ್ಟೆಗೂ ಅದನ್ನೇ ಹಾಕಿಕೊಂಡು ಎದುರಿಗೆ ಕೂತು ಉಂಡರು. ಅದನ್ನು ನೋಡಿ ಕೆಂಪನಂಜಪ್ಪ ತಟ್ಟೆ ಹತ್ತಿರ ಎಳೆದುಕೊಂಡರು. ಮಾತ್ರೆಯನ್ನೂ ತಪ್ಪಿಸಲಿಲ್ಲ. ಮಳೆಗಾಲದ ಹೊತ್ತಿಗೆ ಬಿ.ಪಿ. ಹತೋಟಿಗೆ ಬಂತು.

ಅಷ್ಟರಲ್ಲಿ ಕೋಮಲಳಿಗೆ ಬಂಡಳ್ಳಿಗೆ ವರ್ಗವಾಯಿತು. ಅವರೆಕಾಯಿ ಬಂದ ಕಾಲಕ್ಕೆ ಗಂಡ ಹೆಂಡತಿ ಒಂದು ಚೀಲ ತುಂಬಿಕೊಂಡು ಬಸ್ಸು ಹತ್ತಿ ಹೋದರು. ಅಲ್ಲಿನ ಉಪಕೇಂದ್ರಕ್ಕೆ ಬಂದಿದ್ದ ಜನರೆಲ್ಲ ಕೋಮಲಳಿಗೆ ತೋರಿಸಿಕೊಂಡು ಹೋಗುವವರೆಗೆ ಜಗಲಿಯಲ್ಲೇ ಕಾದರು.

"ಅವತ್ತು ನೀನು ಇವಳನ್ನ ಬೈದಿದ್ರೆ ನಾನು ನಿನ್ ಮಾತು ಕೇಳ್ತಿರ್ನಿಲ್ಲ ಕಣವ್ವ," ಎಂದರು ಕೆಂಪನಂಜಪ್ಪ. "ಇವಳನ್ನೂ ನೋಯಿಸ್ನಿಲ್ಲ, ನನ್ನೂ ಕೈ ಬುಡ್ನಿಲ್ಲ. ನಿನ್ ಒಟ್ಟೆ ತಣ್ಣಗಿರ್ಲಿ."

ಶಿವರತ್ನಮ್ಮ ಅವರೆಕಾಯಿ ಚೀಲವನ್ನು ಕೋಮಲಳ ಮುಂದಿಟ್ಟರು. ಅವಳ ಎರಡೂ ಕೈ ಹಿಡಿದುಕೊಂಡರು.